ವಿಂಡೋಸ್‌ನಿಂದ ಲಿನಕ್ಸ್‌ಗೆ: ಸರ್ಕಾರಿ ಕಚೇರಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಸರ್ಕಾರಿ ಇಲಾಖೆಯೊಂದರ ಗಣಕ ವಿಭಾಗದ ಹೊಣೆ ಹೊತ್ತಿದ್ದೇನೆ. ನಮ್ಮಲ್ಲಿ ಸುಮಾರು ನಾಲ್ಕು ಸಾವಿರ ಕಂಪ್ಯೂಟರುಗಳಿವೆ. ವಿಂಡೋಸ್ 10ಕ್ಕೆ ಇದ್ದ ಬೆಂಬಲ ನಿಂತುಹೋಗಿರುವುದರಿಂದ ಹಳೆಯ ಯಂತ್ರಗಳಲ್ಲಿ ಅದರ ಬದಲು ಲೈಸೆನ್ಸ್ ಶುಲ್ಕವಿಲ್ಲದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಲೈಸೆನ್ಸಿನ ಹಣ ಉಳಿಯುತ್ತದೆ ಎಂಬ ಸೂಚನೆ ಮೇಲಿನಿಂದ ಬಂದಿದೆ. ಆದರೆ ಜರ್ಮನಿಯ ಮ್ಯೂನಿಕ್ ನಗರ ಹತ್ತು ವರ್ಷ ಲಿನಕ್ಸ್ ಬಳಸಿ ಕೊನೆಗೆ ವಿಂಡೋಸ್‌ಗೇ ಮರಳಲು ತೀರ್ಮಾನಿಸಿತೆಂದು ಓದಿದ್ದೇನೆ. ಈ ಬದಲಾವಣೆಯಿಂದ ನಿಜವಾಗಿ ಲಾಭವಿದೆಯೇ? ಮಾಡುವುದಾದರೆ ಎಲ್ಲಿಂದ ಆರಂಭಿಸಬೇಕು? ಇಪ್ಪತ್ತು ವರ್ಷ ಒಂದೇ ಬಗೆಯ ಪರದೆಗೆ ಒಗ್ಗಿದ ಸಿಬ್ಬಂದಿ ಹೊಸದಕ್ಕೆ ಹೊಂದಿಕೊಳ್ಳುತ್ತಾರೆಯೇ? ಒಳಗಿನ ಕೋಡನ್ನು ಎಲ್ಲರೂ ಓದಬಹುದಾದ ಮುಕ್ತ ತಂತ್ರಾಂಶ ಸುರಕ್ಷಿತವೇ?

ಉತ್ತರ: ಈ ಬದಲಾವಣೆ ಸಾಧ್ಯವಿದೆ, ಮಾಡುವುದರಲ್ಲಿ ಅರ್ಥವೂ ಇದೆ. ಆದರೆ ನಿಮಗೆ ಬಂದಿರುವ ಸೂಚನೆಯಲ್ಲಿ ಎರಡು ತಪ್ಪುಗಳಿವೆ ಎಂದು ನನಗನ್ನಿಸುತ್ತದೆ. ಲೈಸೆನ್ಸಿನ ಹಣ ಉಳಿಯುತ್ತದೆಂಬುದನ್ನು ಮುಖ್ಯ ಕಾರಣವಾಗಿ ಇಟ್ಟುಕೊಂಡಿರುವುದು ಒಂದು. ಆಪರೇಟಿಂಗ್ ಸಿಸ್ಟಮನ್ನೇ ಮೊದಲು ಬದಲಿಸಲು ಹೊರಟಿರುವುದು ಇನ್ನೊಂದು. ನಾನು ಗಮನಿಸಿದ ಮಟ್ಟಿಗೆ, ಈ ದಾರಿಯಲ್ಲಿ ಗಟ್ಟಿಯಾಗಿ ನಿಂತ ಸರ್ಕಾರಗಳು ಆಪರೇಟಿಂಗ್ ಸಿಸ್ಟಮನ್ನು ಕೊನೆಗೆ ಮುಟ್ಟಿವೆ. ಎಡವಿದವುಗಳಲ್ಲಿ ಹಲವು ಅದನ್ನು ಮುಂದಿಟ್ಟುಕೊಂಡು ಹೊರಟಿದ್ದವು, ಇಲ್ಲವೇ ಅರ್ಧ ದಾರಿಯಲ್ಲಿ ನಿಂತುಬಿಟ್ಟಿದ್ದವು.

ಕಾರಣ ಸರಳವಾಗಿದೆ. ಕಚೇರಿಯ ಗುಮಾಸ್ತರೊಬ್ಬರು ದಿನವಿಡೀ ವ್ಯವಹರಿಸುವುದು ಪತ್ರ, ಲೆಕ್ಕದ ಹಾಳೆ, ಇಮೇಲ್, ಬ್ರೌಸರಿನಲ್ಲಿ ತೆರೆಯುವ ಇಲಾಖೆಯ ಅರ್ಜಿ ಮತ್ತು ಪ್ರಿಂಟರಿನ ಜೊತೆ. ಆಪರೇಟಿಂಗ್ ಸಿಸ್ಟಮ್ ಅವೆಲ್ಲವುಗಳ ಅಡಿಯಲ್ಲಿ ಇರುತ್ತದೆ, ಸರಿಯಾಗಿ ನಡೆಯುತ್ತಿರುವಷ್ಟು ಕಾಲ ಯಾರೂ ಅದರತ್ತ ನೋಡುವುದಿಲ್ಲ. ಇಲಾಖೆಯನ್ನು ಒಂದೇ ಕಂಪನಿಗೆ ಕಟ್ಟಿಹಾಕಿರುವ ಗಂಟುಗಳು ಮೇಲಿನ ಪದರದಲ್ಲಿರುತ್ತವೆ: ಒಂದೇ ಕಂಪನಿಯ ತಂತ್ರಾಂಶದಲ್ಲಿ ಮಾತ್ರ ಸರಿಯಾಗಿ ತೆರೆಯುವ ಕಡತಗಳು, ಎಂದೋ ಯಾರೋ ಬರೆದಿಟ್ಟ ಮ್ಯಾಕ್ರೊಗಳು (ಕಡತದೊಳಗೆ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಆದೇಶಗಳು), ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೇ ನಂಬಿ ಕಟ್ಟಿದ ವೆಬ್ ತಂತ್ರಾಂಶಗಳು, ಡಿಜಿಟಲ್ ಸಹಿ ಹಾಕಲು ಜೋಡಿಸುವ ಟೋಕನ್ ಎಂಬ ಸಾಧನವನ್ನು ಕಂಪ್ಯೂಟರಿನಲ್ಲಿ ನಡೆಸುವ ಡ್ರೈವರುಗಳು. ಇವನ್ನು ಬಿಚ್ಚದೆ ಕೆಳಗಿನ ಪದರವನ್ನು ಎಳೆದರೆ ಎಲ್ಲವೂ ಒಟ್ಟಿಗೆ ಹರಿಯುತ್ತದೆ. ಆಗ ತಪ್ಪು ಗಂಟಿನದೇ ಆಗಿದ್ದರೂ ದೂರು ಮಾತ್ರ ಲಿನಕ್ಸ್‌ನ ಮೇಲೆ ಬರುತ್ತದೆ.

ಫ್ರಾನ್ಸಿನ ರಾಷ್ಟ್ರೀಯ ಜಾಂಡಾರ್ಮರಿ, ಅಂದರೆ ಗ್ರಾಮೀಣ ಭಾಗ ಮತ್ತು ಸಣ್ಣ ಪಟ್ಟಣಗಳನ್ನು ನೋಡಿಕೊಳ್ಳುವ ಸೈನಿಕ ಸ್ವರೂಪದ ಪೊಲೀಸ್ ದಳ, ಕ್ರಮದ ವಿಷಯದಲ್ಲಿ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ. ಅವರು 2005ರ ಸುಮಾರಿಗೆ ವಿಂಡೋಸನ್ನು ಹಾಗೆಯೇ ಉಳಿಸಿಕೊಂಡು ಮೈಕ್ರೋಸಾಫ್ಟ್ ಆಫೀಸಿನ ಜಾಗಕ್ಕೆ ಓಪನ್‌ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ತಂದರು. 2006ರಲ್ಲಿ ಬ್ರೌಸರಿಗೆ ಫೈರ್‌ಫಾಕ್ಸ್, ಇಮೇಲಿಗೆ ಥಂಡರ್‌ಬರ್ಡ್ ಬಂದವು. ಇವೆಲ್ಲ ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಒಂದೇ ರೀತಿ ನಡೆಯುವ ತಂತ್ರಾಂಶಗಳು ಎಂಬುದನ್ನು ಗಮನಿಸಬೇಕು. ವಿಂಡೋಸ್ ಎಕ್ಸ್‌ಪಿಯಿಂದ ಅದರ ಮುಂದಿನ ಆವೃತ್ತಿಯಾದ ವಿಸ್ಟಾಕ್ಕೆ ಹೋಗಬೇಕಾದ ಕಾಲ ಬಂದಾಗ, ಅದಕ್ಕೂ ಹೇಗಿದ್ದರೂ ತರಬೇತಿ ಕೊಡಬೇಕು, ಆ ಶ್ರಮವನ್ನು ಲಿನಕ್ಸ್‌ನ ಒಂದು ಆವೃತ್ತಿಯಾದ ಉಬುಂಟುವಿನ ಮೇಲೆಯೇ ಏಕೆ ಹಾಕಬಾರದು ಎಂದು ಅವರು ಲೆಕ್ಕಹಾಕಿದರು. 2008ರಲ್ಲಿ ಆ ಬದಲಾವಣೆ ಆರಂಭವಾದಾಗ ಸಿಬ್ಬಂದಿಯ ಪರದೆಯ ಮೇಲೆ ಅದೇ ಬ್ರೌಸರು, ಅದೇ ಇಮೇಲ್, ಅದೇ ಪತ್ರ ಬರೆಯುವ ತಂತ್ರಾಂಶ ಇತ್ತು. ಎದ್ದು ಕಾಣುವ ವ್ಯತ್ಯಾಸವೆಂದರೆ ಐಕಾನುಗಳು ಮತ್ತು ಆಟಗಳು ಮಾತ್ರ, ಆಟಗಳು ತಮ್ಮ ಆದ್ಯತೆಯಲ್ಲ ಎಂದು ಆ ದಳದ ಅಧಿಕಾರಿಯೊಬ್ಬರು ಹೇಳಿದ್ದು ಆಗ ವರದಿಯಾಗಿತ್ತು. 2013ರ ಹೊತ್ತಿಗೆ 37,000 ಕಂಪ್ಯೂಟರುಗಳು ಬದಲಾಗಿದ್ದವು. ‘ಜೆಂಡ್‌ಬುಂಟು’ ಎಂಬ ಅವರ ಈ ಸ್ವಂತ ಆವೃತ್ತಿ 2024ರ ಹೊತ್ತಿಗೆ ಸುಮಾರು ಒಂದು ಲಕ್ಷ ಯಂತ್ರಗಳಲ್ಲಿ, ಅಂದರೆ ಹೆಚ್ಚುಕಡಿಮೆ ಇಡೀ ದಳದಲ್ಲಿ ನಡೆಯುತ್ತಿತ್ತು. ಇಷ್ಟಕ್ಕೆ ಅವರು ಎರಡು ದಶಕಗಳಷ್ಟು ಕಾಲ ತೆಗೆದುಕೊಂಡಿದ್ದಾರೆ ಎಂಬುದನ್ನು ನಿಮ್ಮ ಮೇಲಧಿಕಾರಿಗಳಿಗೆ ಮೊದಲೇ ಹೇಳಿಬಿಡಿ.

ಈಗ ಮ್ಯೂನಿಕ್. ಈ ಕಥೆಯನ್ನು ‘ಲಿನಕ್ಸ್ ಸೋತಿತು’ ಎಂದು ಒಂದೇ ಸಾಲಿನಲ್ಲಿ ಹೇಳುವುದನ್ನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2003ರಲ್ಲಿ ಆ ನಗರಾಡಳಿತದ ಸುಮಾರು ಹದಿನಾಲ್ಕು ಸಾವಿರ ಕಂಪ್ಯೂಟರುಗಳಲ್ಲಿ ವಿಂಡೋಸ್ ಎನ್‌ಟಿ ಇತ್ತು, ಅದರ ಬೆಂಬಲ ಮುಗಿಯುತ್ತಿತ್ತು. ಅಂದರೆ ಇಂದು ನೀವು ನಿಂತಿರುವಂಥದೇ ಜಾಗ. ಲಿನಕ್ಸ್‌ನತ್ತ ಒಲವಿದೆ ಎಂದು ತಿಳಿದ ಕೂಡಲೇ ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವಿಟ್ಜರ್‌ಲೆಂಡಿನಲ್ಲಿದ್ದ ರಜೆಯನ್ನು ಮೊಟಕುಗೊಳಿಸಿ ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಾಣಲು ಬಂದರು, ದೊಡ್ಡ ರಿಯಾಯಿತಿಯ ಮಾತನ್ನೂ ಆಡಿದರು. ಆದರೂ ನಗರಸಭೆ ಅದೇ ವರ್ಷ ಮೇ ತಿಂಗಳಲ್ಲಿ ಲಿನಕ್ಸ್ ಪರವಾಗಿ ನಿರ್ಧರಿಸಿತು. ‘ಲೀಮುಕ್ಸ್’ ಎಂದು ಹೆಸರಾದ ಈ ಯೋಜನೆ ಮೊದಲು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಮೇಲೆ, ಬಳಿಕ ಉಬುಂಟುವಿನ ಮೇಲೆ ಕಟ್ಟಿದ್ದಾಗಿತ್ತು.

ಕೆಲಸ ಆರಂಭಿಸಿದವರಿಗೆ ಮೊದಲು ಎದುರಾದ ತೊಂದರೆ ಲಿನಕ್ಸ್‌ಗೆ ಸಂಬಂಧಿಸಿದ್ದೇ ಆಗಿರಲಿಲ್ಲ. ನಗರಾಡಳಿತದ ಇಪ್ಪತ್ತಕ್ಕೂ ಹೆಚ್ಚು ವಿಭಾಗಗಳು ತಮ್ಮ ತಮ್ಮ ಗಣಕ ಘಟಕಗಳನ್ನು ಬೇರೆಬೇರೆಯಾಗಿ ನಡೆಸುತ್ತಿದ್ದವು. ಯಾವ ಯಂತ್ರದಲ್ಲಿ ಏನಿದೆ ಎಂಬ ಒಂದೇ ಪಟ್ಟಿ ಯಾರ ಬಳಿಯೂ ಇರಲಿಲ್ಲ, ಪತ್ರದ ನಮೂನೆಗಳು ಮತ್ತು ಮ್ಯಾಕ್ರೊಗಳು ಸಾವಿರಗಟ್ಟಲೆ ಇದ್ದವು. ಅವನ್ನೆಲ್ಲ ಒಂದು ಹದಕ್ಕೆ ತರಲು ಅವರು ‘ವೋಲ್‌ಮುಕ್ಸ್’ ಎಂಬ ಹೊಸ ಸಾಧನವನ್ನೇ ಬರೆದು, ಅದನ್ನು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಕೊಟ್ಟರು. ಹೀಗಾಗಿ ಯೋಜನೆ ನಿಧಾನವಾಯಿತು. 2013ರ ಕೊನೆಗೆ ಹದಿನೈದು ಸಾವಿರದ ಆಸುಪಾಸಿನಲ್ಲಿ ಯಂತ್ರಗಳು ಲಿನಕ್ಸ್‌ಗೆ ಬಂದವು, ಯೋಜನೆ ಮುಗಿದಿದೆ ಎಂದು ನಗರ ಘೋಷಿಸಿತು.

ತಂತ್ರಜ್ಞಾನದ ದೃಷ್ಟಿಯಿಂದ ಇದು ಯಶಸ್ಸು. ಆದರೆ 2014ರಲ್ಲಿ ಮೇಯರ್ ಬದಲಾದರು. ಹೊಸ ಮೇಯರ್ ಡೀಟರ್ ರೈಟರ್ ಆರಂಭದಿಂದಲೇ ಈ ವ್ಯವಸ್ಥೆಯ ಬಗ್ಗೆ ಅತೃಪ್ತಿ ತೋರಿದವರು. ಸಿಬ್ಬಂದಿಯ ದೂರುಗಳೂ ನಿಜವಾಗಿಯೇ ಇದ್ದವು: ಹೊರಗಿನಿಂದ ಬಂದ ಕಡತಗಳ ರೂಪ ಕೆಡುವುದು, ಮುದ್ರಣದ ತೊಂದರೆ, ಸಹಾಯ ಕೇಳಿದರೆ ತಡವಾಗುವುದು. 2016ರಲ್ಲಿ ನಗರವೇ ಅಕ್ಸೆಂಚರ್ ಸಂಸ್ಥೆಯಿಂದ ಮಾಡಿಸಿದ ಪರಿಶೀಲನೆ, ಹೆಚ್ಚಿನ ತೊಂದರೆಗಳ ಮೂಲ ಗಣಕ ಆಡಳಿತದ ಹರಿದು ಹಂಚಿಹೋದ ರಚನೆಯಲ್ಲಿದೆ ಎಂಬುದನ್ನು ಎತ್ತಿ ತೋರಿಸಿತು. ಹಾಗಿದ್ದರೂ 2017ರ ನವೆಂಬರಿನಲ್ಲಿ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಆ ಮರಳುವಿಕೆಗೂ ಕೋಟಿಗಟ್ಟಲೆ ಯುರೋ ಎತ್ತಿಡಬೇಕಾಯಿತು. ಇಲ್ಲಿಗೇ ಕಥೆ ಮುಗಿಯಲಿಲ್ಲ. 2020ರಲ್ಲಿ ಅಧಿಕಾರಕ್ಕೆ ಬಂದ ಹೊಸ ಮೈತ್ರಿಕೂಟ, ತಾಂತ್ರಿಕವಾಗಿ ಹಾಗೂ ಆರ್ಥಿಕವಾಗಿ ಸಾಧ್ಯವಿರುವಲ್ಲೆಲ್ಲ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂದು ತನ್ನ ಒಪ್ಪಂದದಲ್ಲಿ ಬರೆದುಕೊಂಡಿತು.

ಮ್ಯೂನಿಕ್‌ನಿಂದ ನಾನು ತೆಗೆದುಕೊಳ್ಳುವ ಪಾಠ ಇಷ್ಟು. ಒಬ್ಬ ಮೇಯರ್ ಬೆನ್ನಿಗೆ ನಿಂತು ತಂದ ಬದಲಾವಣೆಯನ್ನು ಇನ್ನೊಬ್ಬ ಮೇಯರ್ ಹಿಂದಕ್ಕೆ ತಿರುಗಿಸಬಲ್ಲ. ಸಹಾಯವಾಣಿಯ ಕೊರತೆ, ಹಳೆಯ ಆವೃತ್ತಿಗಳು, ಸಮನ್ವಯವಿಲ್ಲದ ಘಟಕಗಳು ಇವು ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ತೊಂದರೆ ಕೊಡುತ್ತವೆ, ಆದರೆ ಹೊಸದಾಗಿ ಬಂದದ್ದರ ತಲೆಯ ಮೇಲೆಯೇ ಅವುಗಳ ಹೊಣೆ ಬೀಳುತ್ತದೆ. ಆದ್ದರಿಂದ ನಿಮ್ಮ ಇಲಾಖೆಯಲ್ಲಿ ಈಗಿನ ಗಣಕ ಆಡಳಿತ ಅಸ್ತವ್ಯಸ್ತವಾಗಿದ್ದರೆ ಅದನ್ನು ವಿಂಡೋಸ್ ಇರುವಾಗಲೇ ಸರಿಪಡಿಸಿ.

ಮ್ಯೂನಿಕ್‌ಗಿಂತ ಚಿಕ್ಕದಾದರೂ ನಿಮಗೆ ಹೆಚ್ಚು ಉಪಯೋಗವಾಗಬಹುದಾದ ಎರಡು ಪ್ರಸಂಗಗಳಿವೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ 2005ರಲ್ಲಿ ‘ವೀನುಕ್ಸ್’ ಎಂಬ ತನ್ನದೇ ಲಿನಕ್ಸ್ ಆವೃತ್ತಿಯನ್ನು ತಂದು, ಬೇಕಾದ ವಿಭಾಗಗಳು ಆರಿಸಿಕೊಳ್ಳಲಿ ಎಂದು ಬಿಟ್ಟಿತು. ಅದನ್ನು ಹೆಚ್ಚಾಗಿ ಆರಿಸಿಕೊಂಡದ್ದು ಶಿಶುವಿಹಾರಗಳು. ಕೆಲವು ವರ್ಷಗಳಲ್ಲಿ ಮಕ್ಕಳ ಭಾಷಾ ಪರೀಕ್ಷೆಗೆಂದು ತಂದ ತಂತ್ರಾಂಶವೊಂದು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುವಂಥದ್ದಾಗಿತ್ತು. 2008ರಲ್ಲಿ ಆ ಶಿಶುವಿಹಾರಗಳ ಕಂಪ್ಯೂಟರುಗಳು ವಿಂಡೋಸ್‌ಗೆ ಮರಳಿದವು. ಒಂದು ಕೈ ಲಿನಕ್ಸ್ ಹಾಕುತ್ತಿರುವಾಗ ಇನ್ನೊಂದು ಕೈ ಲಿನಕ್ಸ್‌ನಲ್ಲಿ ನಡೆಯದ ತಂತ್ರಾಂಶವನ್ನು ಕೊಂಡರೆ ಆಗುವುದು ಹೀಗೆಯೇ. ಇನ್ನೊಂದು, ಜರ್ಮನಿಯ ಫ್ರೈಬುರ್ಗ್ ನಗರದ ಪ್ರಸಂಗ. 2007ರಲ್ಲಿ ಅಲ್ಲಿ ಓಪನ್‌ಆಫೀಸ್ ಬಂದಿತು, ಆದರೆ ಹಳೆಯ ಮೈಕ್ರೋಸಾಫ್ಟ್ ಆಫೀಸ್ 2000 ಕೂಡ ಅದೇ ಯಂತ್ರಗಳಲ್ಲಿ ಉಳಿಯಿತು. ಯಾರು ಯಾವುದರಲ್ಲಿ ಬರೆಯಬೇಕೆಂಬುದು ಖಚಿತವಾಗಲಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರಲ್ಲಿ ಕೆಡುತ್ತಿತ್ತು. ಐದು ವರ್ಷಗಳ ಬಳಿಕ, 2012ರಲ್ಲಿ, ನಗರಸಭೆ ಮೈಕ್ರೋಸಾಫ್ಟ್ ಆಫೀಸಿಗೆ ಮರಳಲು ತೀರ್ಮಾನಿಸಿತು. ಎರಡು ವ್ಯವಸ್ಥೆಗಳು ಜೊತೆಯಾಗಿ ನಡೆಯುವ ಅವಧಿ ಅನಿವಾರ್ಯವಾಗಿ ಇರುತ್ತದೆ, ಆದರೆ ಅದಕ್ಕೊಂದು ಕೊನೆಯ ದಿನಾಂಕ ಇರಲೇಬೇಕು.

ಹಣದ ಮಾತಿಗೆ ಬರೋಣ. ಮ್ಯೂನಿಕ್ ನಗರಾಡಳಿತ ಒಂದು ಕೋಟಿ ಯುರೋಗಿಂತ ಹೆಚ್ಚು ಉಳಿಸಿದ್ದೇವೆ ಎಂದು ಹೇಳಿತು, ಮೈಕ್ರೋಸಾಫ್ಟ್‌ಗಾಗಿ ಎಚ್‌ಪಿ ತಯಾರಿಸಿದ ವರದಿ ಅದೇ ನಗರದ ವಿಷಯದಲ್ಲಿ ಪೂರ್ತಿ ವಿರುದ್ಧವಾದ ಲೆಕ್ಕ ಕೊಟ್ಟಿತು. ಯಾವುದನ್ನು ಖರ್ಚೆಂದು ಸೇರಿಸುತ್ತೀರಿ, ಎಷ್ಟು ವರ್ಷಗಳಿಗೆ ಲೆಕ್ಕ ಮಾಡುತ್ತೀರಿ ಎಂಬುದರ ಮೇಲೆ ಉತ್ತರ ತಿರುಗುತ್ತದೆ. ಲೈಸೆನ್ಸಿನ ಶುಲ್ಕ ಇಲ್ಲವಾಗುವುದು ನಿಜ. ಅದರ ಜಾಗದಲ್ಲಿ ತರಬೇತಿ, ನಮೂನೆಗಳನ್ನು ಹೊಸದಾಗಿ ಬರೆಯುವುದು, ಹಳೆಯ ತಂತ್ರಾಂಶಗಳ ಮರುರಚನೆ, ಬೆಂಬಲದ ಒಪ್ಪಂದ ಇವುಗಳ ಖರ್ಚು ಬರುತ್ತದೆ. ಮೊದಲ ಎರಡು ಮೂರು ವರ್ಷ ಒಟ್ಟು ವೆಚ್ಚ ಹೆಚ್ಚೇ ಆಗಬಹುದೆಂದು ಎಣಿಸಿಕೊಳ್ಳುವುದು ಒಳ್ಳೆಯದು. ವ್ಯತ್ಯಾಸ ಇರುವುದು ಹಣ ಹೋಗುವ ಕಡೆಯಲ್ಲಿ. ಲೈಸೆನ್ಸಿನ ಶುಲ್ಕ ಪ್ರತಿ ವರ್ಷವೂ ಮರುಕಳಿಸುತ್ತದೆ, ಕೊನೆಗೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತರಬೇತಿಗೂ ನಮೂನೆಗಳಿಗೂ ಹಾಕಿದ ಹಣ ಇಲಾಖೆಯ ಜನರ ಕೌಶಲವಾಗಿ ಉಳಿಯುತ್ತದೆ. ಹಣ ಉಳಿಯುತ್ತದೆಂಬ ಒಂದೇ ಮಾತಿನ ಮೇಲೆ ಯೋಜನೆಗೆ ಒಪ್ಪಿಗೆ ಪಡೆದರೆ, ಮುಂದೆ ಮಾರಾಟಗಾರರು ಶುಲ್ಕವನ್ನು ಅರ್ಧಕ್ಕೆ ಇಳಿಸಿದ ದಿನ ನಿಮ್ಮ ಯೋಜನೆಗೆ ಕಾರಣವೇ ಇಲ್ಲದಂತಾಗುತ್ತದೆ. ಬಾಲ್ಮರ್ ಮ್ಯೂನಿಕ್‌ಗೆ ಬಂದದ್ದು ಅದಕ್ಕಾಗಿಯೇ.

ಹಾಗಾದರೆ ಸರಿಯಾದ ಕಾರಣ ಯಾವುದು? ಪೆರು ದೇಶದ ಸಂಸದ ಎಡ್ಗರ್ ವಿಯನ್ವೇವಾ 2002ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಪೆರು ಶಾಖೆಯ ಮುಖ್ಯಸ್ಥರಿಗೆ ಬರೆದ ದೀರ್ಘ ಉತ್ತರಕ್ಕಿಂತ ಸ್ಪಷ್ಟವಾಗಿ ಇದನ್ನು ಹೇಳಿದವರನ್ನು ನಾನು ಕಂಡಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸಬೇಕೆಂಬ ಮಸೂದೆಯನ್ನು ಅವರು ಮಂಡಿಸಿದ್ದರು, ಕಂಪನಿ ಆಕ್ಷೇಪಿಸಿತ್ತು. ಅವರು ತಮ್ಮ ವಾದವನ್ನು ಪ್ರಜೆಗಳ ಹಕ್ಕಿನ ಮೇಲೆ ನಿಲ್ಲಿಸಿದರು: ಸಾರ್ವಜನಿಕ ಮಾಹಿತಿ ಪ್ರಜೆಗೆ ಮುಕ್ತವಾಗಿ ಸಿಗಬೇಕು, ಅದು ಶಾಶ್ವತವಾಗಿ ಉಳಿಯಬೇಕು, ರಾಜ್ಯದ ಮತ್ತು ಪ್ರಜೆಯ ಭದ್ರತೆಗೆ ಧಕ್ಕೆ ಬರಬಾರದು. ಒಬ್ಬನೇ ಮಾರಾಟಗಾರನ ರಹಸ್ಯ ರೂಪದಲ್ಲಿ ಮಾಹಿತಿ ಕುಳಿತಿದ್ದರೆ ಈ ಮೂರರಲ್ಲಿ ಯಾವುದನ್ನೂ ಸರ್ಕಾರ ಖಾತ್ರಿಯಾಗಿ ಹೇಳಲಾರದು ಎಂಬುದು ಅವರ ನಿಲುವು. ಜಮೀನಿನ ದಾಖಲೆ, ಜನನ ಮರಣದ ನೋಂದಣಿ, ನ್ಯಾಯಾಲಯದ ತೀರ್ಪು ಇವು ಕಂಪನಿಗಳ ಆಯುಷ್ಯಕ್ಕಿಂತ ಬಹಳ ಹೆಚ್ಚು ಕಾಲ ಬದುಕಬೇಕಾದವು. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸುವ ತೀರ್ಮಾನವನ್ನು ನಿಮ್ಮ ಇಲಾಖೆ ತೆಗೆದುಕೊಳ್ಳಲಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರ ವಿಂಡೋಸ್ 11ಕ್ಕೆ ತಕ್ಕುದಲ್ಲ ಎಂಬುದನ್ನೂ ನೀವು ತೀರ್ಮಾನಿಸಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಸಾರ್ವಜನಿಕ ಸ್ವತ್ತೊಂದು ಯಾವಾಗ ಗುಜರಿಗೆ ಹೋಗಬೇಕು ಎಂಬುದನ್ನು ಹೊರಗಿನವರು ನಿರ್ಧರಿಸುವ ಸ್ಥಿತಿ ಇದು. ನನ್ನ ಮಟ್ಟಿಗೆ ಬದಲಾವಣೆಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇತ್ತೀಚೆಗೆ ಯುರೋಪಿನ ಹಲವು ಆಡಳಿತಗಳು ಈ ಕಾರಣವನ್ನೇ ಮುಂದಿಡುತ್ತಿವೆ. ಜರ್ಮನಿಯ ಉತ್ತರ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ಸುಮಾರು ಮೂವತ್ತು ಸಾವಿರ ಕಂಪ್ಯೂಟರುಗಳಿಗೆ ಓಪನ್‌ಆಫೀಸಿನಿಂದ ಕವಲೊಡೆದ ಲಿಬ್ರೆಆಫೀಸ್ ತರುವುದಾಗಿ ಘೋಷಿಸಿ, ಅದನ್ನು ಡಿಜಿಟಲ್ ಸ್ವಾಯತ್ತತೆಯ ಪ್ರಶ್ನೆ ಎಂದೇ ಕರೆಯಿತು. 2025ರ ಅಕ್ಟೋಬರ್ ಹೊತ್ತಿಗೆ ನಲವತ್ತು ಸಾವಿರಕ್ಕೂ ಮೀರಿದ ಇಮೇಲ್ ಖಾತೆಗಳನ್ನು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್‌ನಿಂದ ಮುಕ್ತ ತಂತ್ರಾಂಶಗಳಾದ ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್‌ಗೆ ಸಾಗಿಸಿ ಮುಗಿಸಿತು. ಆ ಸಾಗಣೆಯ ತಿಂಗಳುಗಳಲ್ಲಿ ಸಿಬ್ಬಂದಿಯಿಂದ ದೂರುಗಳೂ ಬಂದವು. ಲಿನಕ್ಸ್ ಅವರ ಯೋಜನೆಯಲ್ಲಿದೆ, ಆದರೆ ಆಫೀಸ್ ತಂತ್ರಾಂಶ ಮತ್ತು ಇಮೇಲಿನ ಬಳಿಕ. ತಮ್ಮ ದೇಶದಲ್ಲೇ ಮ್ಯೂನಿಕ್‌ನ ಅನುಭವ ಕಂಡವರು ಈ ಕ್ರಮವನ್ನು ಆರಿಸಿಕೊಂಡಿರುವುದು ಗಮನಿಸತಕ್ಕದ್ದು.

ಇನ್ನು, ನೀವು ಎಲ್ಲಿಂದ ಆರಂಭಿಸಬೇಕು ಎಂಬುದು. ಮೊದಲ ಆರು ತಿಂಗಳು ಯಾವ ಯಂತ್ರವನ್ನೂ ಮುಟ್ಟಬೇಡಿ, ಎಣಿಕೆ ಮಾತ್ರ ಮಾಡಿ. ಪ್ರತಿಯೊಂದು ಯಂತ್ರದಲ್ಲಿ ಯಾವ ತಂತ್ರಾಂಶವಿದೆ ಎಂಬುದನ್ನು ಯಾಂತ್ರಿಕವಾಗಿ ಪಟ್ಟಿ ಮಾಡುವ ಮುಕ್ತ ಸಾಧನಗಳಿವೆ. ಆದರೆ ಅಷ್ಟು ಸಾಲದು, ಅದು ನಿಜವಾಗಿ ಬಳಕೆಯಲ್ಲಿದೆಯೇ, ಯಾವ ಕೆಲಸಕ್ಕೆ ಎಂಬುದನ್ನು ಕುರ್ಚಿಯಲ್ಲಿ ಕುಳಿತವರನ್ನೇ ಕೇಳಬೇಕು. ನಾನು ಸಲಹೆಗಾರನಾಗಿದ್ದ ಕಚೇರಿಯೊಂದರಲ್ಲಿ ನಿವೃತ್ತಿ ವೇತನದ ಬಾಕಿಯನ್ನು ಲೆಕ್ಕ ಹಾಕುತ್ತಿದ್ದದ್ದು ಎಂದೋ ವರ್ಗವಾಗಿ ಹೋದ ನೌಕರರೊಬ್ಬರು ಬರೆದಿಟ್ಟ ಒಂದು ಎಕ್ಸೆಲ್ ಕಡತ. ಅದರೊಳಗಿನ ಮ್ಯಾಕ್ರೊ ಯಾವ ನಿಯಮವನ್ನು ಅನುಸರಿಸುತ್ತಿದೆ ಎಂಬುದು ಆ ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಯಾವ ದಾಖಲೆಯಲ್ಲೂ ಅದರ ಹೆಸರಿರಲಿಲ್ಲ. ಹೊಸ ವ್ಯವಸ್ಥೆಯ ಪ್ರಯೋಗದ ದಿನ ಅದು ತೆರೆಯಲಿಲ್ಲ, ಮೂರು ವಾರ ಬಾಕಿಯ ಲೆಕ್ಕ ನಿಂತಿತು. ಮೊದಲೇ ಕೇಳದೆ ಇದ್ದದ್ದು ನಮ್ಮ ತಂಡದ ತಪ್ಪು, ಮತ್ತು ಹಿರಿಯ ನೌಕರರು ಆ ಮೂರು ವಾರ ಪಟ್ಟ ಪಾಡನ್ನು ನಾನು ಮರೆತಿಲ್ಲ. ಇಂತಹ ಕಡತಗಳು ನಿಮ್ಮಲ್ಲಿಯೂ ಖಂಡಿತವಾಗಿ ಇವೆ. ಅವುಗಳಲ್ಲಿ ಮುಖ್ಯವಾದವನ್ನು ಲಿಬ್ರೆಆಫೀಸಿನ ಮ್ಯಾಕ್ರೊ ಆಗಿ ಮತ್ತೆ ಬರೆಯುವುದಕ್ಕಿಂತ ಡೇಟಾಬೇಸ್ ಇರುವ ಒಂದು ಪುಟ್ಟ ವೆಬ್ ತಂತ್ರಾಂಶವಾಗಿ ಕಟ್ಟಿಸುವುದು ಉತ್ತಮ.

ಎಣಿಕೆ ನಡೆಯುತ್ತಿರುವಾಗಲೇ ಹೊರಡಿಸಬೇಕಾದ ಆದೇಶಗಳು ಎರಡು. ಇಂದಿನಿಂದ ಕೊಳ್ಳುವ ಅಥವಾ ಕಟ್ಟಿಸುವ ಯಾವುದೇ ತಂತ್ರಾಂಶ ಯಾವ ಆಪರೇಟಿಂಗ್ ಸಿಸ್ಟಮಿನ ಯಾವ ಆಧುನಿಕ ಬ್ರೌಸರಿನಲ್ಲಾದರೂ ನಡೆಯುವಂತಿರಬೇಕು, ಪ್ರಿಂಟರು, ಸ್ಕ್ಯಾನರು, ಸಹಿಯ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರು ಇರಬೇಕು ಎಂದು ಪ್ರತಿ ಟೆಂಡರಿನಲ್ಲೂ ಷರತ್ತಾಗಿ ಬರೆಯಿರಿ. ವಿಯೆನ್ನಾದಲ್ಲಿ ತಪ್ಪಿಹೋದ ಎಳೆ ಇದೇ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ, ಐದು ವರ್ಷಗಳಲ್ಲಿ ಹಳೆಯ ಸಲಕರಣೆಗಳು ಸಹಜವಾಗಿ ಬದಲಾಗುತ್ತ ಅರ್ಧ ದಾರಿ ತಾನಾಗಿ ಸವೆದಿರುತ್ತದೆ. ಇನ್ನೊಂದು ಆದೇಶ ಕಡತದ ರೂಪಕ್ಕೆ ಸಂಬಂಧಿಸಿದ್ದು. ತಿದ್ದಬೇಕಾದ ಕಡತಗಳಿಗೆ ಓಡಿಎಫ್ ಎಂಬ ಮುಕ್ತ ಕಡತ ರೂಪ, ಓದಲಷ್ಟೇ ಕಳಿಸುವವುಗಳಿಗೆ ಪಿಡಿಎಫ್ ಎಂದು ನಿಗದಿಪಡಿಸಿ. ಓಡಿಎಫ್ 2006ರಿಂದ ಐಎಸ್‌ಒ 26300 ಎಂಬ ಅಂತರರಾಷ್ಟ್ರೀಯ ಮಾನಕ, ಬ್ರಿಟನ್ ಸರ್ಕಾರ 2014ರಲ್ಲಿ ತನ್ನ ಕಚೇರಿಗಳಿಗೆ ಇದನ್ನೇ ಆರಿಸಿತು. ಮೈಕ್ರೋಸಾಫ್ಟ್ ಆಫೀಸ್ ಕೂಡ ಇದನ್ನು ತೆರೆಯಬಲ್ಲದು ಮತ್ತು ಉಳಿಸಬಲ್ಲದು, ಆದ್ದರಿಂದ ಈ ಆದೇಶಕ್ಕೆ ಕಾಯಬೇಕಾಗಿಲ್ಲ.

ಫಾಂಟುಗಳ ವಿಷಯವನ್ನು ಅನೇಕರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಕಡತ ಕೆಟ್ಟುಹೋಯಿತು’ ಎಂಬ ದೂರುಗಳಲ್ಲಿ ದೊಡ್ಡ ಪಾಲು, ಮೂಲ ಫಾಂಟು ಇಲ್ಲದೆ ಬೇರೆ ಅಗಲದ ಫಾಂಟು ಬಂದು ಸಾಲುಗಳು ಜರುಗಿದ್ದರಿಂದ ಹುಟ್ಟುತ್ತದೆ. ಕ್ಯಾಲಿಬ್ರಿಯಷ್ಟೇ ಅಗಲದ ಕಾರ್ಲಿಟೊ, ಕ್ಯಾಂಬ್ರಿಯಾದಷ್ಟೇ ಅಗಲದ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್‌ಗೆ ಸಮನಾದ ಲಿಬರೇಷನ್ ಫಾಂಟುಗಳನ್ನು ಮೊದಲೇ ಹಾಕಿಟ್ಟರೆ ಈ ದೂರುಗಳು ಬಹಳ ಕಡಿಮೆಯಾಗುತ್ತವೆ. ರೋಮನ್ ಅಲ್ಲದ ಲಿಪಿಗಳಲ್ಲಿ ವ್ಯವಹರಿಸುವ ಕಚೇರಿಗಳಿಗೆ ಇನ್ನೊಂದು ಹೊರೆ ಇದೆ: ಯೂನಿಕೋಡ್ ಬರುವ ಮೊದಲು ಆಯಾ ಫಾಂಟಿನ ಸ್ವಂತ ಸಂಕೇತಗಳಲ್ಲಿ ಬರೆದ ಕಡತಗಳು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತವೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ವಿಂಡೋಸ್‌ನಲ್ಲೇ ಇರುತ್ತೀರಾದರೂ ಇವನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು, ಹಾಗಾಗಿ ಆ ಕೆಲಸವನ್ನು ಈ ಯೋಜನೆಯ ಖರ್ಚಿಗೆ ಹಾಕಬೇಡಿ.

ಇದಾದ ಬಳಿಕ ವಿಂಡೋಸ್ ಮೇಲೆಯೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್ ತನ್ನಿ, ಒಂದೆರಡು ವರ್ಷ ಜನ ಅದಕ್ಕೆ ಒಗ್ಗಲಿ. ಅದೇ ಅವಧಿಯಲ್ಲಿ ಹಿಂದಿನ ಕೋಣೆಯ ಕೆಲಸ ಆಗಬೇಕು. ಬಳಕೆದಾರರ ಹೆಸರು, ಪಾಸ್‌ವರ್ಡ್, ಯಾರಿಗೆ ಯಾವ ಕಡತ ತೆರೆಯುವ ಅಧಿಕಾರ ಎಂಬುದೆಲ್ಲ ಈಗ ಬಹುಶಃ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿದೆ. ಸಾಂಬಾ ಎಂಬ ಮುಕ್ತ ತಂತ್ರಾಂಶ ಆ ಪಾತ್ರವನ್ನು ವಹಿಸಬಲ್ಲದು, ವಿಂಡೋಸ್ ಮತ್ತು ಲಿನಕ್ಸ್ ಎರಡೂ ಬಗೆಯ ಯಂತ್ರಗಳನ್ನು ನೋಡಿಕೊಳ್ಳಬಲ್ಲದು. ನಾಲ್ಕು ಸಾವಿರ ಯಂತ್ರಗಳಿಗೆ ಒಂದೇ ಕಡೆಯಿಂದ ತೇಪೆ (ತಂತ್ರಾಂಶದ ದೋಷ ಸರಿಪಡಿಸುವ ತಿದ್ದುಪಡಿ) ಹಾಕುವ, ಪ್ರಿಂಟರು ಸೇರಿಸುವ ಏರ್ಪಾಡು ಸಿದ್ಧವಿಲ್ಲದೆ ಒಂದು ಯಂತ್ರಕ್ಕೂ ಲಿನಕ್ಸ್ ಹಾಕಬಾರದು. ಇದೆಲ್ಲ ನಿಂತ ಮೇಲೆ ಮೊದಲ ಇನ್ನೂರು ಯಂತ್ರಗಳನ್ನು ನಿಮ್ಮ ಸ್ವಂತ ವಿಭಾಗದಲ್ಲಿ ಮತ್ತು ಬರಿಯ ಬ್ರೌಸರಿನಿಂದಲೇ ಕೆಲಸ ಸಾಗುವ ಶಾಖೆಯೊಂದರಲ್ಲಿ ಬದಲಿಸಿ.

ವಿಂಡೋಸ್ 10ರಲ್ಲೇ ಉಳಿದಿರುವ ಯಂತ್ರಗಳು ಅಷ್ಟು ವರ್ಷ ಕಾಯಲಾರವು ಎಂದು ನೀವು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಭದ್ರತಾ ತೇಪೆಗಳಿಲ್ಲದ ಯಂತ್ರವನ್ನು ಜಾಲದಲ್ಲಿ ಇಟ್ಟರೆ ಏನಾಗುತ್ತದೆ ಎಂಬುದನ್ನು 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ದಾಳಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತೋರಿಸಿತು. ಆದ್ದರಿಂದ ಎಣಿಕೆಯಲ್ಲಿ ಮೊದಲು ಈ ಯಂತ್ರಗಳನ್ನೇ ತೆಗೆದುಕೊಳ್ಳಿ. ಬ್ರೌಸರಿನ ಕೆಲಸಕ್ಕಷ್ಟೇ ಬಳಕೆಯಾಗುವವನ್ನು ಮೊದಲ ಇನ್ನೂರರ ಗುಂಪಿಗೆ ಸೇರಿಸಿ. ಉಳಿದವಕ್ಕೆ ಹಣ ಕೊಟ್ಟು ವಿಸ್ತೃತ ತೇಪೆಗಳನ್ನು ಪಡೆಯಿರಿ, ಇಲ್ಲವೇ ಅಂತರಜಾಲದ ಸಂಪರ್ಕ ತಪ್ಪಿಸಿ. ಈ ತುರ್ತನ್ನು ನೆಪವಾಗಿಸಿಕೊಂಡು ನಾಲ್ಕು ಸಾವಿರ ಯಂತ್ರಗಳನ್ನೂ ಒಂದೇ ವರ್ಷದಲ್ಲಿ ಬದಲಿಸಲು ಹೊರಡಬೇಡಿ.

ಸಿಬ್ಬಂದಿಯ ಬಗ್ಗೆ ನೀವು ಕೇಳಿದ್ದು ನನಗೆ ಸಂತೋಷ ತಂದಿದೆ, ಏಕೆಂದರೆ ಹೆಚ್ಚಿನ ಯೋಜನಾ ವರದಿಗಳಲ್ಲಿ ಅವರು ಒಂದು ಸಂಖ್ಯೆಯಾಗಿ ಮಾತ್ರ ಬರುತ್ತಾರೆ. ಹಿರಿಯ ನೌಕರರು ಹೊಸದನ್ನು ಕಲಿಯಲಾರರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಟೈಪ್‌ರೈಟರಿನಿಂದ ಕಂಪ್ಯೂಟರಿಗೆ, ಒಂದು ವಿಂಡೋಸ್‌ನಿಂದ ಇನ್ನೊಂದಕ್ಕೆ, ಆಫೀಸಿನ ಹಳೆಯ ಮೆನುಗಳಿಂದ ರಿಬ್ಬನ್ ಎಂಬ ಹೊಸ ಪಟ್ಟಿಗೆ ಹೊಂದಿಕೊಂಡವರೇ. ಅವರನ್ನು ಕಾಡುವುದು ತಾವು ನಿಪುಣರಾಗಿದ್ದ ಕೆಲಸದಲ್ಲಿ ಕಿರಿಯರ ಎದುರು ತಡವರಿಸಬೇಕಾದ ಮುಜುಗರ. ಕೇರಳದ ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಬೇರೂರಿದ್ದರ ಹಿಂದೆ, 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಶಿಕ್ಷಕರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಬೆಳೆಸಿ, ಅವರಿಂದ ಉಳಿದ ಶಿಕ್ಷಕರಿಗೆ ಕಲಿಸಿದ್ದು ಇದೆ. ತನ್ನದೇ ಕೆಲಸ ಮಾಡುವ, ತನ್ನದೇ ಭಾಷೆಯಲ್ಲಿ ಮಾತನಾಡುವ ಸಹೋದ್ಯೋಗಿ ಪಕ್ಕದಲ್ಲಿ ಕುಳಿತು ತೋರಿಸಿದ್ದು, ಹೊರಗಿನಿಂದ ಬಂದ ತರಬೇತುದಾರ ಎರಡು ದಿನ ಸ್ಲೈಡು ತೋರಿಸಿದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಪ್ರತಿ ಮೂವತ್ತು ನಲವತ್ತು ಜನರಿಗೆ ಒಬ್ಬರಂತೆ ಇಂಥವರನ್ನು ಆರಿಸಿ, ಆ ಕೆಲಸಕ್ಕಾಗಿ ಅವರ ಇತರ ಹೊರೆಯನ್ನು ನಿಜವಾಗಿ ಇಳಿಸಿ. ಮತ್ತು ಬದಲಾವಣೆ ಮೇಲಿನ ಅಧಿಕಾರಿಯ ಕೋಣೆಯಿಂದಲೇ ಆರಂಭವಾಗಲಿ. ಕಾರ್ಯದರ್ಶಿಯ ಮೇಜಿನ ಮೇಲೆ ಹಳೆಯದನ್ನೇ ಉಳಿಸಿ ಗುಮಾಸ್ತರಿಗೆ ಹೊಸದನ್ನು ಕೊಟ್ಟರೆ, ಇದು ಬಡವರ ತಂತ್ರಾಂಶ ಎಂಬ ಮಾತು ಒಂದೇ ವಾರದಲ್ಲಿ ಹಬ್ಬುತ್ತದೆ.

ಸುರಕ್ಷತೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುಕ್ತವಾಗಿದೆ ಎಂಬ ಒಂದೇ ಕಾರಣಕ್ಕೆ ತಂತ್ರಾಂಶ ಸುರಕ್ಷಿತವಾಗುವುದಿಲ್ಲ. 2014ರ ಹಾರ್ಟ್‌ಬ್ಲೀಡ್ ದೋಷ, ಜಗತ್ತಿನ ಅಸಂಖ್ಯ ಸರ್ವರುಗಳು ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರೆಂಬುದನ್ನು ಬಯಲು ಮಾಡಿತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಕಳ್ಳ ಬಾಗಿಲೊಂದನ್ನು ಇರಿಸಿದ್ದು ಪತ್ತೆಯಾಯಿತು. ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಅನುಮಾನಪಟ್ಟು ಬೆನ್ನು ಹತ್ತಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಸೋರ್ಸ್ ಕೋಡ್ ಕೈಗೆ ಸಿಗುವಂತಿದ್ದದ್ದರಿಂದ ಆ ಹುಡುಕಾಟ ಸಾಧ್ಯವಾಯಿತು, ಆದರೆ ಹುಡುಕುವ ಒಬ್ಬರು ಬೇಕಾಗಿತ್ತು. ನಿಮ್ಮ ಇಲಾಖೆಗೆ ಇದರ ಅರ್ಥವೇನೆಂದರೆ, ದೀರ್ಘಕಾಲದ ಬೆಂಬಲವಿರುವ ಆವೃತ್ತಿಯನ್ನೇ ಆರಿಸಿ, ಬೆಂಬಲಕ್ಕೆ ಹಣ ಕೊಡಿ, ಲೈಸೆನ್ಸಿನಲ್ಲಿ ಉಳಿತಾಯವಾದ ಹಣದ ಒಂದು ಭಾಗವನ್ನು ನೀವು ಅವಲಂಬಿಸಿರುವ ತಂತ್ರಾಂಶಗಳ ನಿರ್ವಹಣೆಗೆ ಮರಳಿ ಕೊಡಿ. ಯಾವ ಖರ್ಚೂ ಇಲ್ಲದೆ ಪಡೆದು ಸುಮ್ಮನೆ ಕೂರುವ ಸರ್ಕಾರಕ್ಕೆ ಈ ದಾರಿ ತಕ್ಕುದಲ್ಲ.

ಕೊನೆಯದಾಗಿ, ಎಲ್ಲ ನಾಲ್ಕು ಸಾವಿರ ಯಂತ್ರಗಳೂ ಬದಲಾಗಲೇಬೇಕೆಂಬ ಹಟ ಬೇಡ. ನಕ್ಷೆ ಬಿಡಿಸುವ ಎಂಜಿನಿಯರರ ಯಂತ್ರಗಳು, ಪ್ರಯೋಗಾಲಯದ ಉಪಕರಣಗಳಿಗೆ ಜೋಡಿಸಿದವು, ಬೇರೆ ಇಲಾಖೆ ಕೊಟ್ಟ ಹಳೆಯ ತಂತ್ರಾಂಶವನ್ನೇ ನಡೆಸಬೇಕಾದವು ಒಂದಷ್ಟು ವರ್ಷ ವಿಂಡೋಸ್‌ನಲ್ಲೇ ಇರಲಿ. ಅಪರೂಪಕ್ಕೆ ಬೇಕಾಗುವ ತಂತ್ರಾಂಶಗಳನ್ನು ಒಂದೆರಡು ವಿಂಡೋಸ್ ಸರ್ವರುಗಳಲ್ಲಿ ಇರಿಸಿ, ಬೇಕಾದವರು ದೂರದಿಂದಲೇ ತೆರೆದು ಬಳಸುವಂತೆ ಮಾಡಬಹುದು. ಜಾಂಡಾರ್ಮರಿಯಲ್ಲಿಯೂ ಪ್ರತಿ ನೂರರಲ್ಲಿ ಕೆಲವು ಯಂತ್ರಗಳು ಹೀಗೆ ಉಳಿದಿವೆ. ಇವುಗಳ ಪಟ್ಟಿಯನ್ನು ಕಾರಣ ಸಹಿತವಾಗಿ ಬರೆದಿಡಿ, ಪ್ರತಿಯೊಂದಕ್ಕೂ ಮರುಪರಿಶೀಲನೆಯ ದಿನಾಂಕ ನಮೂದಿಸಿ, ಆ ತಂತ್ರಾಂಶದ ಒಪ್ಪಂದ ನವೀಕರಣಕ್ಕೆ ಬರುವುದಕ್ಕೆ ಒಂದು ವರ್ಷ ಮೊದಲೇ ಆ ಕಡತವನ್ನು ನಿಮ್ಮ ಮೇಜಿಗೆ ತರಿಸಿಕೊಳ್ಳಿ.